ಆಲ್ಬಮಿಗೆ ಮಾತ್ರ ಬಂದ ಬೀಗರು

ಬೆಳಿಗ್ಗೆ ಎಂಟು ಗಂಟೆ ಐವತ್ತೆರಡು ನಿಮಿಷಕ್ಕೆ ನಮ್ಮ ಮನೆಯ ನೆಮ್ಮದಿ ಕೆಟ್ಟಿತು. ಇಷ್ಟು ಕರಾರುವಾಕ್ಕಾಗಿ ನೆನಪಿರಲು ಕಾರಣವಿದೆ. ಆಗ ನಾನು ಕಾಪುವಿನಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಉದ್ಯಾವರದ ಸೇತುವೆಯ ಮೇಲೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ನಿಂತಿದ್ದೆ. ಮೊದಲ ಪೀರಿಯಡ್ಡಿಗೆ ತಡವಾಗುತ್ತದೋ ಎಂದು ಗಂಟೆ ನೋಡಿದೆ. ಗಂಟೆಯ ಕೆಳಗೆ ಕೆನಡಾದ ವೀಸಾ ಕಚೇರಿಯ ಇಮೇಲ್ ಬಂದು ಕೂತಿತ್ತು.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಅಷ್ಟು ಸಭ್ಯವಾದ ಇಂಗ್ಲಿಷಿನಲ್ಲಿ ಯಾರಾದರೂ ನಮ್ಮನ್ನು ಸುಳ್ಳುಗಾರರು ಎಂದು ಕರೆದದ್ದನ್ನು ಓದಿದ್ದು ಅದೇ ಮೊದಲು. ಪತ್ರ ಇದ್ದದ್ದು ನನ್ನ ತಮ್ಮನ ಹೆಂಡತಿಯ ಹೆಸರಿಗೆ. ಬಂದದ್ದು ನನ್ನ ಮೊಬೈಲಿಗೆ, ಏಕೆಂದರೆ ಅರ್ಜಿ ತುಂಬಿದವಳು ನಾನು.

ಅವರ ಸಂಶಯ ಎರಡು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಭಾರತದಿಂದ ಹೊರಗೆ ಎಲ್ಲಿಗೂ ಹೋಗಿಲ್ಲ ಎಂದು ಅರ್ಜಿಯಲ್ಲಿದೆ. ಆದರೆ ಮದುವೆಯ ಮರುದಿನದ್ದೆಂದು ಕೊಟ್ಟ ಫೋಟೋದಲ್ಲಿ ಅವರು ಹಿಮ ಮುಚ್ಚಿದ ಪರ್ವತಗಳ ನಡುವೆ, ಸರೋವರದ ದಡದಲ್ಲಿ ನಿಂತಿದ್ದಾರೆ. ಹುಡುಗಿಯ ತಂದೆತಾಯಿ ಮದುವೆಗೆ ಬರಲಿಲ್ಲ ಎಂದು ಅರ್ಜಿಯಲ್ಲಿದೆ. ಆದರೆ ಮದುವೆಯ ಫೋಟೋದಲ್ಲಿ ಅವರು ಹುಡುಗಿಯ ಪಕ್ಕದಲ್ಲೇ ನಿಂತಿದ್ದಾರೆ, ಕೆಳಗೆ ‘ಎಡದಿಂದ ಬಲಕ್ಕೆ: ವಧುವಿನ ತಾಯಿ, ವಧುವಿನ ತಂದೆ’ ಎಂದು ನೀವೇ ಬರೆದಿದ್ದೀರಿ. ಏಳು ದಿನಗಳ ಒಳಗೆ ವಿವರಣೆ ಕೊಡಿ. ನಮಗೆ ಒಪ್ಪಿಗೆಯಾಗದಿದ್ದರೆ ಸುಳ್ಳು ಮಾಹಿತಿ ಎಂದು ತೀರ್ಮಾನಿಸಬಹುದು. ಹಾಗಾದರೆ ಅರ್ಜಿದಾರರು ಐದು ವರ್ಷ ಕೆನಡಾಕ್ಕೆ ಬರುವಂತಿಲ್ಲ.

‘ಎಡದಿಂದ ಬಲಕ್ಕೆ’ ಎಂದು ಬರೆದವಳು ನಾನೇ. ಪ್ರಶ್ನೆಯನ್ನು ಎರಡು ಸಲ ಓದಿ ಆಮೇಲೆ ಉತ್ತರ ಬರೆಯಿರಿ ಎಂದು ವರ್ಷಕ್ಕೆ ಇನ್ನೂರು ಮಕ್ಕಳಿಗೆ ಹೇಳುವವಳು.

“ಟೀಚರೇ, ನಿಮ್ಮದು ಉಡುಪಿ ಅಲ್ವಾ?” ಎಂದು ಕಂಡಕ್ಟರ್ ಕೇಳಿದಾಗ ತಲೆಯೆತ್ತಿದೆ. ಬಸ್ಸು ಉಡುಪಿ ದಾಟಿ ಸಂತೆಕಟ್ಟೆಯಲ್ಲಿತ್ತು.

ಇಲ್ಲಿ ಹಿಂದಿನ ಕತೆ ಸ್ವಲ್ಪ ಹೇಳಬೇಕು. ನನ್ನ ತಮ್ಮ ಲಿಫ್ಟ್ ರಿಪೇರಿಯವನು. ಮೊದಲು ಮಸ್ಕತ್‌ನಲ್ಲಿದ್ದ, ಅಲ್ಲಿಂದ ಕೆನಡಾಕ್ಕೆ ಹೋಗಿ ನೆಲೆ ನಿಂತ. ಅಪ್ಪನ ಮೊಣಕಾಲಿನ ಆಪರೇಷನ್‌ಗೆಂದು ರಜೆ ಹಾಕಿ ಬಂದಾಗ, ಮಣಿಪಾಲದ ಆಸ್ಪತ್ರೆಯಲ್ಲಿ ಅಪ್ಪನನ್ನು ನಡೆಸಲು ಬರುತ್ತಿದ್ದವಳು ಈ ಹುಡುಗಿ. ನೇಪಾಳದವಳು. ಫಿಸಿಯೋಥೆರಪಿ ಓದಲು ಮಣಿಪಾಲಕ್ಕೆ ಬಂದು, ಓದು ಮುಗಿಸಿ, ಅಲ್ಲೇ ಕೆಲಸಕ್ಕೆ ನಿಂತವಳು. ರೋಗಿಗಳಿಂದಲೇ ತುಳುವನ್ನೂ ಕನ್ನಡವನ್ನೂ ಕಲಿತಿದ್ದಳು. ಅಪ್ಪ ಎರಡು ವಾರದಲ್ಲಿ ನಡೆದರು. ತಮ್ಮ ಮಾತ್ರ ಆಮೇಲೂ ದಿನಾ ಆಸ್ಪತ್ರೆಗೆ ನಡೆಯುತ್ತಿದ್ದ. ಮುಂದಿನ ರಜೆಯಲ್ಲಿ ಕಾರ್ಕಳದಲ್ಲಿ ಮದುವೆಯಾಯಿತು. ನೋಂದಣಿಗೆ ಸಾಕ್ಷಿ ಸಹಿ ಹಾಕಿದವಳೂ ನಾನೇ. ಹತ್ತೊಂಬತ್ತು ದಿನ ಜೊತೆಯಲ್ಲಿದ್ದು ಅವನು ವಿಮಾನ ಹತ್ತಿದ. ಅವಳು ಕಾಪುವಿನ ನಮ್ಮ ಮನೆಯಲ್ಲಿ, ನನ್ನ ಕೋಣೆಯಲ್ಲಿ ಉಳಿದಳು. ದಿನಾ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿಬರುತ್ತಿದ್ದಳು.

ಹೀಗೆ ನೇಪಾಳದ ಹೆಂಡತಿ, ಕೆನಡಾದಲ್ಲಿರುವ ಗಂಡ, ಇಬ್ಬರ ನಡುವೆ ಭಾರತ. ಅವಳ ಊರೂ ಅಲ್ಲದ, ಹೋಗಬೇಕಾದ ಊರೂ ಅಲ್ಲದ ಮೂರನೆಯ ದೇಶದಿಂದ ಅರ್ಜಿ ಹಾಕುವುದೆಂದರೆ ಏನೆಂದು ನನಗೆ ತಿಳಿದದ್ದು ನಾಲ್ಕನೆಯ ಪುಟದಲ್ಲಿ. ‘ಈಗ ವಾಸಿಸುತ್ತಿರುವ ದೇಶದಲ್ಲಿ ನೀವು ಯಾವ ಪರವಾನಗಿಯ ಮೇಲೆ ಇದ್ದೀರಿ? ದಾಖಲೆ ಲಗತ್ತಿಸಿ.’ ನೇಪಾಳದವರಿಗೆ ಇಲ್ಲಿರಲು ಪರವಾನಗಿಯೇ ಬೇಡ. ಉಡುಪಿಯ ಒಂದು ಕಚೇರಿಗೆ ಹೋಗಿ ಕೇಳಿದೆವು.

“ನೇಪಾಳದವರಾ? ಹಾಗಾದ್ರೆ ಏನೂ ಬೇಡ, ಹೋಗಿ ಆರಾಮವಾಗಿರಿ,” ಎಂದರು ಮೇಜಿನ ಹಿಂದಿದ್ದವರು.

“ಬೇಡ ಅಂತ ಒಂದು ಕಾಗದ ಬೇಕಿತ್ತು ಸರ್.”

“ಬೇಡದ್ದಕ್ಕೆ ಕಾಗದ ಎಲ್ಲಿಂದ ಕೊಡುದು ಮೇಡಂ?”

ಅವರು ಹೇಳಿದ್ದು ಸರಿಯೇ. ಮನೆಗೆ ಬಂದು ನಾನೇ ಒಂದೂವರೆ ಪುಟ ಬರೆದೆ: ಎರಡು ದೇಶಗಳ ಒಪ್ಪಂದ, ತೆರೆದ ಗಡಿ, ಇಲ್ಲದ ಕಾಗದವನ್ನು ತೋರಿಸಲಾಗದ ನಮ್ಮ ಅಸಹಾಯಕತೆ. ಎಷ್ಟು ಚೆನ್ನಾಗಿ ಬರೆದಿದ್ದೆ ಎಂದರೆ ಸ್ಟಾಫ್ ರೂಮಿನಲ್ಲಿ ಇಬ್ಬರಿಗೆ ಓದಿ ಹೇಳಿದ್ದೆ. ಅದನ್ನು ಕೆನಡಾದವರು ಒಂದು ಮಾತೂ ಕೇಳದೆ ಒಪ್ಪಿಕೊಂಡಿದ್ದರು. ಕಷ್ಟದ ಪ್ರಶ್ನೆಯಲ್ಲಿ ಪಾಸಾಗಿದ್ದೆವು. ಬಿದ್ದದ್ದು ಫೋಟೋದಲ್ಲಿ.

ಫೋಟೋದ ವಿಷಯ ಹೀಗೆ. ಹುಡುಗಿಯ ತಂದೆತಾಯಿ ಮದುವೆಗೆ ಬರುವಂತಿರಲಿಲ್ಲ. ಮದುವೆಗೆ ಎರಡು ತಿಂಗಳ ಮೊದಲು ಅವಳ ಅಜ್ಜಿ, ತಂದೆಯ ತಾಯಿ, ತೀರಿಕೊಂಡಿದ್ದರು. ಅವರ ಕಡೆ ತಾಯಿ ಸತ್ತ ಮಗ ಒಂದು ವರ್ಷ ಬಿಳಿ ಬಟ್ಟೆ ಬಿಟ್ಟು ಬೇರೇನೂ ಉಡುವಂತಿಲ್ಲ, ಯಾವ ಶುಭಕಾರ್ಯಕ್ಕೂ ಹೋಗುವಂತಿಲ್ಲ, ಮಗಳ ಮದುವೆಗೂ ಇಲ್ಲ. ‘ಹುಡುಗನ ರಜೆ ನಮಗೋಸ್ಕರ ಕಾಯುವುದಿಲ್ಲ, ನೀವು ಮುಗಿಸಿಬಿಡಿ’ ಎಂದು ಫೋನಿನಲ್ಲೇ ಆಶೀರ್ವಾದ ಮಾಡಿದ್ದರು. ನಮ್ಮ ಸೋದರಮಾವ, ಅತ್ತೆಯೇ ಹೆಣ್ಣಿನ ಕಡೆಯವರಾಗಿ ನಿಂತು ಧಾರೆ ಎರೆದರು.

ಮೂರು ತಿಂಗಳ ಮೇಲೆ ಆಲ್ಬಮ್ ಬಂತು. ತೆರೆದು ನೋಡಿದರೆ ಬೀಗರು ಬಂದಿದ್ದಾರೆ! ಹುಡುಗಿಯ ಬಲಗಡೆ ತಾಯಿ, ಅವರ ಪಕ್ಕದಲ್ಲಿ ತಂದೆ, ತಲೆಗೆ ಜರಿ ಪೇಟ, ಮೈಮೇಲೆ ಬಂಗಾರದ ಬಣ್ಣದ ರೇಷ್ಮೆ. ಫೋಟೋಗ್ರಾಫರ್ ಕಂಪ್ಯೂಟರಿನಲ್ಲಿ ಕೂರಿಸಿದ್ದ. ಹೇಳಿ ಮಾಡಿಸಿದ್ದು ಅಮ್ಮ; ಇನ್ನೊಂದು ಪುಟದ ಹಿಮ ಮಾತ್ರ ಅವನದ್ದೇ ಯೋಚನೆ. ನಮ್ಮ ಕಡೆ ಇದೇನು ಹೊಸತಲ್ಲ. ದುಬೈಯಿಂದ ರಜೆ ಸಿಗದ ಅಣ್ಣಂದಿರು, ಹೆರಿಗೆಗೆ ಹೋದ ಅಕ್ಕಂದಿರು, ಎಲ್ಲರೂ ಹೀಗೆಯೇ ಮದುವೆಗಳಿಗೆ ಬಂದುಹೋಗುತ್ತಾರೆ. ಹುಡುಗಿ ಆ ಪುಟವನ್ನು ನೋಡಿ ಅತ್ತು, ಆಮೇಲೆ ತಂದೆಯ ಪೇಟ ನೋಡಿ ನಕ್ಕಳು. ಸೂತಕದ ವರ್ಷದಲ್ಲಿ ಬಂಗಾರದ ರೇಷ್ಮೆ ಉಟ್ಟು ಮದುವೆಮನೆಯಲ್ಲಿ ನಿಂತಿರುವ ತನ್ನನ್ನೇ ಆ ಮನುಷ್ಯ ನೋಡಿದರೆ ಏನಾಗಬಹುದು? ಆ ಫೋಟೋ ನೇಪಾಳಕ್ಕೆ ಹೋಗದ ಹಾಗೆ ನಾವೆಲ್ಲ ಸೇರಿ ಎಚ್ಚರ ವಹಿಸಿದೆವು. ಅದು ಕೆನಡಾಕ್ಕೆ ಹೋಯಿತು.

ಹೇಗೆ ಹೋಯಿತೆಂದು ನಾನು ಈಗಲೂ ಪಾತ್ರೆ ತೊಳೆಯುವಾಗ, ಪೇಪರ್ ತಿದ್ದುವಾಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಆಲ್ಬಮ್ ತಿಂಗಳುಗಟ್ಟಲೆ ಚಾವಡಿಯ ಟೀಪಾಯಿಯ ಮೇಲಿತ್ತು. ಬಂದವರಿಗೆಲ್ಲ ‘ಇವರು ಅವಳ ತಂದೆ, ಇವರು ತಾಯಿ’ ಎಂದು ತೋರಿಸಿ ತೋರಿಸಿ, ಅವರು ಬಂದೇ ಇರಲಿಲ್ಲ ಎಂಬುದು ನನ್ನ ಬೆರಳಿಗೆ ಮರೆತುಹೋಗಿತ್ತು. ಅರ್ಜಿಯ ಒಂದು ಪುಟದಲ್ಲಿ ‘ಬರಲಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದೆ. ಇನ್ನೊಂದು ದಿನ ಕೂತು, ಫೋಟೋದ ಕೆಳಗೆ ‘ಎಡದಿಂದ ಬಲಕ್ಕೆ’ ಎಂದು ಅಷ್ಟೇ ಪ್ರಾಮಾಣಿಕವಾಗಿ ಬರೆದೆ.

ಸಂತೆಕಟ್ಟೆಯಲ್ಲಿ ಇಳಿದು, ಕಾಲೇಜಿಗೆ ರಜೆ ಹೇಳಿ, ಮಣಿಪಾಲಕ್ಕೆ ಹೋದೆ. ಅವಳು ಒಬ್ಬ ಅಜ್ಜನನ್ನು ಎರಡು ಕಂಬಿಗಳ ನಡುವೆ ನಡೆಸುತ್ತಿದ್ದಳು.

“ಇನ್ನು ನಾಲ್ಕೇ ಹೆಜ್ಜೆ ಅಜ್ಜ.”

“ಆಗಲೂ ನಾಲ್ಕೇ ಅಂದಿದ್ದಿ.”

“ಆಗ ಹೇಳಿದ್ದು ಸುಳ್ಳು. ಈಗಿನದ್ದು ನಿಜ.”

ನನ್ನ ಮುಖ ನೋಡಿದವಳೇ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ ಬಂದಳು. ಮೊಬೈಲ್ ಕೊಟ್ಟೆ. ಗೋಡೆಗೆ ಒರಗಿ ಓದಿದಳು. ಕೊನೆಯವರೆಗೆ ಓದಿ, ಮತ್ತೆ ಮೇಲಕ್ಕೆ ಹೋಗಿ ‘ಐದು ವರ್ಷ’ ಇರುವ ಸಾಲಿನಲ್ಲಿ ನಿಂತಳು.

“ಅಕ್ಕ, ಐದು ವರ್ಷಕ್ಕೆ ನನಗೆ ಮೂವತ್ತೈದು,” ಎಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅಲ್ಲಿಂದ ಆ ಅಜ್ಜ, “ಎಂತ ಡಾಕ್ಟ್ರೇ, ನಾಲ್ಕು ಹೆಜ್ಜೆ ಬಾಕಿ ಉಂಟು,” ಎಂದು ಕೂಗಿದರು. ಅವಳು ಹೋಗಿ ಅವರನ್ನು ನಡೆಸಿದಳು. ನಾನು ಎಣಿಸಿದೆ, ಒಂಬತ್ತು ಹೆಜ್ಜೆ.

ಮನೆಯಲ್ಲಿ ಅಮ್ಮನಿಗೆ ಹೇಳುವುದು ಬೇರೆಯೇ ಕೆಲಸ. ಅಮ್ಮ ಮೊದಲು ಕೆನಡಾದವರ ಮೇಲೆ ಸಿಟ್ಟಾದರು.

“ಅವರಿಗೆ ಎಂತ ಕಷ್ಟ? ತಂದೆತಾಯಿ ಬಂದದ್ದು ತಪ್ಪಾ?”

“ಬಂದಿರಲಿಲ್ಲ ಅಮ್ಮ!”

“ಬರ್ತಿದ್ರು. ಬರ್ಲಿಕ್ಕೆ ಆಗ್ಲಿಲ್ಲ ಅಷ್ಟೆ.”

ಇದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳುತ್ತಾರೆಂದು ನನಗೆ ತಿಳಿಯಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತು, ಹುಡುಗಿಯ ಕಡೆ ನೋಡದೆ, “ಅಷ್ಟು ಜನರ ಮಧ್ಯೆ ನಿನ್ನ ಕಡೆಯವರು ಅಂತ ಒಬ್ಬರೂ ಇಲ್ಲದ್ದನ್ನು ನೋಡ್ಲಿಕ್ಕೆ ಆಗ್ಲಿಲ್ಲ ಮಗಾ,” ಎಂದರು. ಹುಡುಗಿ ಅಮ್ಮನ ಪಕ್ಕ ಹೋಗಿ ಕೂತಳು. ಬೈಗುಳ ಸಿಗದೆ ಹೋದವರು ಈಗ ಮನೆಯಲ್ಲಿ ಇಬ್ಬರಾದೆವು.

ತಮ್ಮ ಫೋನಿನಲ್ಲಿ ಎಲ್ಲವನ್ನೂ ಕೇಳಿ, “ಅಕ್ಕ, ನಾನು ಇಪ್ಪತ್ತು ಮಹಡಿಯ ಲಿಫ್ಟಿನ ಒಳಗೆ ನೇತಾಡ್ಲಿಕ್ಕೆ ಹೆದರುದಿಲ್ಲ. ನೀನು ಫಾರ್ಮ್ ತುಂಬಿಸುದು ಅಂದ್ರೆ ಹೆದರಿಕೆ,” ಎಂದ. ಆಮೇಲೆ ಅವನ ದನಿ ಸಣ್ಣದಾಯಿತು. “ಅವಳಿಗೆ ಸ್ವಲ್ಪ ಕೊಡು,” ಎಂದ. ನಾನು ಫೋನ್ ಕೊಟ್ಟು ಹೊರಗೆ ಹೋದೆ.

ಮರುದಿನ ಹಿರಿಯಡ್ಕದ ದಾರಿಯಾಗಿ ಕಾರ್ಕಳಕ್ಕೆ ಹೋದೆವು, ನಾನು ಮತ್ತು ಅವಳು. ನಮಗೆ ಬೇಕಾದದ್ದು ಎರಡು: ಕಂಪ್ಯೂಟರ್ ಮುಟ್ಟದ ಮೂಲ ಫೋಟೋಗಳು, ಮತ್ತು ‘ಇವೆಲ್ಲ ನಾನು ಸೇರಿಸಿದ್ದು’ ಎಂದು ಫೋಟೋಗ್ರಾಫರ್ ಬರೆದುಕೊಡುವ ಪ್ರಮಾಣಪತ್ರ. ಬಸ್ ನಿಲ್ದಾಣದಿಂದ ಸ್ವಲ್ಪ ದೂರ, ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ಅವನ ಸ್ಟುಡಿಯೋ. ವಿಷಯವನ್ನೆಲ್ಲ ಕೈಮುಗಿಯುವ ದನಿಯಲ್ಲಿ ಹೇಳಿದೆ. ಅವನು ಬಾಯಿ ತೆರೆದು ಕೇಳಿದ.

“ಅವರು ನಂಬಿದ್ರಾ ಮೇಡಂ?”

“ಎಂತದ್ದು?”

“ಹಿಮ. ನಿಜವಾದ ಹಿಮ ಅಂತ ನಂಬಿದ್ರಾ?”

“ನಂಬಿದ್ದೇ ಈಗ ತೊಂದರೆ.”

ಅವನು ಪರದೆಯ ಹಿಂದೆ ಆಲ್ಬಮ್ ಅಂಟಿಸುತ್ತಿದ್ದ ಹೆಂಡತಿಯನ್ನು ಕೂಗಿದ. “ಏ, ಕೇಳಿದ್ಯಾ? ಕೆನಡಾದವರಂತೆ! ಅವರ ಬಾಗಿಲಲ್ಲೇ ಹಿಮ ಉಂಟು. ಅವರೇ ನಂಬಿದ್ದಾರೆ. ನೀನು ಮಾತ್ರ ಆವತ್ತು ಸೋಪಿನ ನೊರೆಯ ಹಾಗೆ ಕಾಣ್ತದೆ ಅಂದದ್ದು!”

ಪರದೆಯ ಹಿಂದಿನಿಂದ, “ಈಗಲೂ ಹಾಗೇ ಕಾಣ್ತದೆ,” ಎಂಬ ಉತ್ತರ ಬಂತು.

ಹಿಮ ಯಾಕೆ ಹಾಕಿದಿರಿ ಎಂದು ಕೇಳಿದೆ. “ಹುಡುಗಿ ನೇಪಾಳದವರು ಅಂದ್ರಲ್ಲ. ಊರಿನ ನೆನಪಿಗೆ ಇರಲಿ ಅಂತ.”

“ಅಣ್ಣ, ನಮ್ಮದು ಬಯಲು ಸೀಮೆ,” ಎಂದಳು ಹುಡುಗಿ. “ನಾನು ಇವತ್ತಿನವರೆಗೆ ಹಿಮ ಮುಟ್ಟಿಲ್ಲ. ಬೇಸಿಗೆಯಲ್ಲಿ ಅಲ್ಲಿ ಕಾಪುಗಿಂತ ಜಾಸ್ತಿ ಸೆಕೆ.”

“ಹೌದಾ? ಮೊದಲೇ ಹೇಳ್ಬಾರ್ದಾ ಮಾರಾಯ್ರೆ. ನನ್ನ ಹತ್ರ ಗೋಧಿ ಹೊಲವೂ ಉಂಟು.”

ಮೂಲ ಫೋಟೋ ಎಂದದ್ದೇ ತಡ, ಅವನ ಮುಖ ಗಂಟಾಯಿತು. ಹಸಿ ಫೋಟೋ ಯಾರಿಗೂ ಕೊಡುವುದಿಲ್ಲ, ಅದು ಸ್ಟುಡಿಯೋದ ಪದ್ಧತಿ. “ನಿಮ್ಮನ್ನು ತಲೆ ಬಾಚದೆ ಪೇಟೆಗೆ ಕಳಿಸಿದ್ರೆ ಹೋಗ್ತೀರಾ ಮೇಡಂ? ಅದು ಸಹ ಹಾಗೇ. ನನ್ನ ಹೆಸರಲ್ಲಿ ಬಾಚದ ಫೋಟೋ ಪರದೇಶಕ್ಕೆ ಹೋಗುದು ಬೇಡ.” ಅದರ ಮೇಲೆ ‘ಇದು ನಕಲಿ’ ಎಂದು ಸಹಿ ಬೇರೆ ಹಾಕಬೇಕೇ? ಇಪ್ಪತ್ತು ವರ್ಷದ ಕೆಲಸಕ್ಕೆ ತಾನೇ ಮಸಿ ಬಳಿಯಬೇಕೇ? ನಾನು ಕಲೆಯ ಬಗ್ಗೆ, ಕಾನೂನಿನ ಬಗ್ಗೆ ಒಂದು ಪೀರಿಯಡ್ಡಿನಷ್ಟು ಮಾತಾಡಿದೆ. ಅವನು ಕ್ಯಾಮೆರಾದ ಲೆನ್ಸ್ ಒರೆಸುತ್ತಾ ಕೂತ.

ಆಗ ಹುಡುಗಿ, “ಅಣ್ಣ, ನಾನು ಗಂಡನ ಜೊತೆ ಇದ್ದದ್ದು ಹತ್ತೊಂಬತ್ತು ದಿನ. ಅದರಲ್ಲಿ ಒಂದು ದಿನ ಇಡೀ ನಿಮ್ಮ ಕ್ಯಾಮೆರಾದ ಎದುರು ಹೋಗಿದೆ. ನೀವು ಕೊಡದಿದ್ದರೆ ಇನ್ನು ಐದು ವರ್ಷ ಇಲ್ಲ,” ಎಂದಳು.

ಅವನು ಲೆನ್ಸ್ ಕೆಳಗಿಟ್ಟ. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದ.

ಮೊದಲು ಕಾಪುವಿನ ಕಡಲತೀರ. ಸರೋವರ ಇದ್ದಲ್ಲಿ ಮಾಮೂಲಿ ಅರಬ್ಬಿ ಸಮುದ್ರ. ಪರ್ವತ ಇದ್ದಲ್ಲಿ ನೀಲಿ ಟರ್ಪಾಲು ಹೊದಿಸಿದ ದೋಣಿ, ಅದರ ನೆರಳಿನಲ್ಲಿ ಬಲೆ ಹೆಣೆಯುವವನೊಬ್ಬ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದಾನೆ. ಎಡಗಡೆ ನಾನು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಬೆಳಕು ಬೀಳಲೆಂದು ದೊಡ್ಡ ಥರ್ಮೋಕೋಲ್ ಹಿಡಿದು, ಬಾಯಿ ದೊಡ್ಡದಾಗಿ ತೆರೆದು ನಿಂತಿದ್ದೇನೆ. ‘ಕಣ್ಣು ಬಿಡೋ!’ ಎಂದು ಕಿರುಚುತ್ತಿದ್ದೆ. ತಮ್ಮನ ಕಣ್ಣು ಭದ್ರವಾಗಿ ಮುಚ್ಚಿತ್ತು.

“ಆಲ್ಬಮಿನಲ್ಲಿ ಕಣ್ಣು ತೆರೆದಿತ್ತಲ್ಲ?” ಎಂದೆ.

“ಅದು ಬೇರೆ ಫೋಟೋದ ಕಣ್ಣು ಮೇಡಂ. ಊಟದ ಹೊತ್ತಿನದ್ದು. ಪಾಯಸ ಬಡಿಸುವಾಗ ತೆಗೆದದ್ದು.”

ಹುಡುಗಿಗೆ ಆ ಫೋಟೋದಲ್ಲಿ ತುಂಬಾ ಇಷ್ಟವಾಗಿದ್ದದ್ದೇ ಗಂಡ ತನ್ನನ್ನು ನೋಡುವ ಆ ನೋಟ. ಮೊಬೈಲಿನ ಪರದೆಗೂ ಅದನ್ನೇ ಹಾಕಿಕೊಂಡಿದ್ದಳು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. “ಪಾಯಸವಾ?” ಎಂದು ಮತ್ತೆ ಮತ್ತೆ ಕೇಳಿದಳು. ಪತ್ರ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಕೆನಡಾದವರು ಕಣ್ಣಿನ ವಿಷಯ ಕೇಳಿಲ್ಲ, ನಾವಾಗಿ ಹೇಳುವುದು ಬೇಡ ಎಂದು ನಾನು ಪಿಸುಗುಟ್ಟಿದೆ. ಅವಳು ತಲೆ ಅಲ್ಲಾಡಿಸಿದಳು. “ಎಲ್ಲ ಹೇಳುವ ಅಕ್ಕ. ಒಂದು ಕಣ್ಣು ಸಹ ಬಾಕಿ ಇಡುದು ಬೇಡ.”

ಆಮೇಲೆ ಮಂಟಪದ ಫೋಟೋ. ಎಡಗಡೆ ನಾವೆಲ್ಲ ಬಸ್ಸಿನಲ್ಲಿ ನಿಂತ ಹಾಗೆ ಒಬ್ಬರ ಮೇಲೊಬ್ಬರು. ನಡುವೆ ಮದುಮಕ್ಕಳು. ಹುಡುಗಿಯ ಬಲಗಡೆ ಇಬ್ಬರು ನಿಲ್ಲುವಷ್ಟು ಖಾಲಿ ಜಾಗ, ಅದರಾಚೆ ಹೂವಿನ ಕಂಬ.

“ನಿಮ್ಮ ಅಮ್ಮ ಅಲ್ಲೇ ಹೇಳಿದ್ರು,” ಎಂದ ಫೋಟೋಗ್ರಾಫರ್. “ಇಬ್ಬರ ಜಾಗ ಬಿಟ್ಟು ತೆಗಿ ಅಂತ.”

ಅವನ ಹೆಂಡತಿ ಪರದೆ ಸರಿಸಿ ಬಂದು ನೋಡಿ, “ಇದನ್ನೇ ಕಳಿಸಿ,” ಎಂದಳು.

ಮೂಲ ಫೋಟೋ ಸಿಕ್ಕಿತು. ಆದರೆ ಆ ಜಾಗ ನಿಜವಾಗಿಯೂ ಖಾಲಿ ಇತ್ತೆಂದು ಹೇಳಲು ಇನ್ನೊಬ್ಬರ ಮಾತೂ ಬೇಕಿತ್ತು: ‘ಆ ದಿನ ನಾನು ನನ್ನ ಊರಿನಲ್ಲೇ ಇದ್ದೆ, ಮದುವೆಗೆ ಹೋಗಿರಲಿಲ್ಲ’ ಎಂದು ಅವಳ ತಂದೆಯ ಪತ್ರ, ಅದಕ್ಕೆ ಅಲ್ಲಿನ ವಾರ್ಡ್ ಕಚೇರಿಯ ಮೊಹರು. ಅಂದರೆ ಪೇಟದ ವಿಷಯ ಅವರಿಗೆ ಹೇಳಲೇಬೇಕು. ಸೂತಕ ಮುಗಿಯಲು ಇನ್ನೂ ಎರಡು ತಿಂಗಳಿತ್ತು.

ಅವಳು ಒಂದು ದಿನ ಇಡೀ ಧೈರ್ಯ ಮಾಡಿಕೊಂಡಳು. ನಾಲ್ಕನೆಯ ದಿನ ಬೆಳಿಗ್ಗೆ ಚಾವಡಿಯಲ್ಲಿ ಕೂತು ವಿಡಿಯೋ ಕಾಲ್ ಮಾಡಿದಳು. ಅಮ್ಮ ಬಾಗಿಲ ಹಿಂದೆ, ನಾನು ಅಮ್ಮನ ಹಿಂದೆ. ನೇಪಾಳಿ ನಮಗಿಬ್ಬರಿಗೂ ಬರುವುದಿಲ್ಲ. ಮಾತುಗಳನ್ನು ಆಮೇಲೆ ಅವಳೇ ಹೇಳಿದ್ದು. ಆದರೆ ಮುಖ ಕಾಣುತ್ತಿತ್ತು. ಬಿಳಿ ಬಟ್ಟೆಯ ತೆಳ್ಳಗಿನ ಮನುಷ್ಯ, ಶಾಲೆಯ ಮೇಷ್ಟ್ರು, ಕನ್ನಡಕವನ್ನು ಹಣೆಗೆ ಏರಿಸಿ ಫೋಟೋ ನೋಡುತ್ತಿದ್ದರು.

“ಈ ಟೋಪಿ ನನ್ನದಲ್ಲ,” ಎಂದರಂತೆ ಮೊದಲು.

ಅವಳು ಆಲ್ಬಮನ್ನು ಮೊಬೈಲಿಗೆ ಇನ್ನಷ್ಟು ಹತ್ತಿರ ಹಿಡಿದಳು.

“ಬಟ್ಟೆಯೂ ನನ್ನದಲ್ಲ. ಯಾರದ್ದು?”

“ಕಂಪ್ಯೂಟರಿನದ್ದು ಅಪ್ಪಾ.”

ಅವರು ಕನ್ನಡಕ ಇಳಿಸಿ ಮತ್ತೆ ನೋಡತೊಡಗಿದರು. ಅಮ್ಮ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದರು. ನಾನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಕ್ಷಮಾಪಣೆ ಬರೆಯಲು ಶುರುಮಾಡಿದ್ದೆ. ಅದನ್ನು ಯಾರು ನೇಪಾಳಿಗೆ ತಿರುಗಿಸುತ್ತಾರೆಂದು ಯೋಚಿಸಿರಲಿಲ್ಲ.

“ನಿನ್ನ ಅಮ್ಮ ಚೆನ್ನಾಗಿ ಬಂದಿದ್ದಾಳೆ,” ಎಂದರಂತೆ ಕೊನೆಗೆ. “ನಾನು ಅಲ್ಲಿ ಇರಲಿಲ್ಲ ಎಂದು ಬರೆದುಕೊಡಬೇಕು, ಅಷ್ಟೇ ತಾನೇ?”

“ಹೌದಪ್ಪಾ.”

“ಬರೆಯುತ್ತೇನೆ. ಬರೆಯುವುದಕ್ಕೆ ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಈ ಫೋಟೋ ನನಗೂ ಒಂದು ಕಳಿಸು. ವರ್ಷ ಮುಗಿದ ಮೇಲೆ ಗೋಡೆಗೆ ಹಾಕುತ್ತೇನೆ.”

ಫೋನ್ ಇಟ್ಟ ತಕ್ಷಣ ಅಮ್ಮ ಬಾಗಿಲ ಹಿಂದಿನಿಂದ ಹೊರಬಂದರು. “ಬೈದ್ರಾ?”

“ಇಲ್ಲ ಅಮ್ಮ. ಅವರಿಗೂ ಒಂದು ಬೇಕಂತೆ.”

ಅಮ್ಮ ಒಂದು ಕ್ಷಣ ಗೋಡೆಯನ್ನು ಹಿಡಿದು ನಿಂತರು. “ಹಾಗಾದ್ರೆ ದೊಡ್ಡದೇ ಮಾಡಿಸುವ. ಫ್ರೇಮ್ ಹಾಕಿಸಿ,” ಎಂದರು. ಇದೆಲ್ಲ ತಾನು ಮೊದಲೇ ಅಂದುಕೊಂಡಂತೆ ನಡೆದಿದೆ ಎಂಬ ದನಿ ಅಷ್ಟು ಬೇಗ ಹೇಗೆ ಬಂತೋ.

ಐದನೆಯ ದಿನ ಉಡುಪಿಯಲ್ಲಿ ನೋಟರಿ ವಕೀಲರ ಕಚೇರಿ. ಫೋಟೋಗ್ರಾಫರ್ ಮದುವೆಗಳಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದ. ನಾನು ಬರೆದ ಪ್ರಮಾಣಪತ್ರವನ್ನು ನೋಟರಿ ಗಟ್ಟಿಯಾಗಿ ಓದಿದರು. ಪರ್ವತ, ಸರೋವರ, ಮೋಡ ಎಲ್ಲವನ್ನೂ ದಾಟಿ ಒಂದು ಕಡೆ ನಿಂತರು.

“ಇಲ್ಲಿ ಯಾರು ಯಾರ ಕಣ್ಣು ತೆಗೆದದ್ದು?”

“ವರನ ಕಣ್ಣನ್ನು ವರನಿಗೇ ಹಾಕಿದ್ದು ಸರ್,” ಎಂದ ಫೋಟೋಗ್ರಾಫರ್ ಗಂಭೀರವಾಗಿ.

“ಕ್ರಿಮಿನಲ್ ಕೇಸ್ ಅಲ್ಲ ಅಲ್ವಾ?”

“ಅಲ್ಲ ಸರ್, ಮದುವೆ.”

“ಎರಡರಲ್ಲೂ ಸಾಕ್ಷಿ ಬೇಕು,” ಎಂದು ನಗುತ್ತಾ ನೋಟರಿ ನನ್ನ ಕಡೆ ನೋಡಿದರು. ಥರ್ಮೋಕೋಲ್ ಹಿಡಿದವಳು ನಾನೇ ಎಂದು ನಾನು ಸಹಿ ಹಾಕಿದೆ. ಫೋಟೋಗ್ರಾಫರ್ ಒಂದು ಸಾಲು ಸೇರಿಸದೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದ. ಅವನು ಕನ್ನಡದಲ್ಲಿ ಹೇಳಿದ, ನಾನು ಇಂಗ್ಲಿಷಿಗೆ ತಂದೆ: ‘ಇದನ್ನು ನಾನು ಯಾರಿಗೂ ಮೋಸ ಮಾಡಲು ಮಾಡಿದ್ದಲ್ಲ. ಬರಲಾಗದವರು ಬಂದ ಹಾಗೆ ಕಾಣಲಿ, ಮದುವೆ ಚಂದ ಕಾಣಲಿ ಎಂದು ಮಾಡಿದ್ದು.’ ನನ್ನ ಮೂರು ಪುಟದ ವಿವರಣೆಯಲ್ಲಿ ಅಷ್ಟು ನೇರವಾದ ಸಾಲು ಒಂದೂ ಇರಲಿಲ್ಲ ಎಂದು ಆಗಲೇ ಗೊತ್ತಾಗಿತ್ತು, ಹೇಳಲಿಲ್ಲ.

ಆರನೆಯ ದಿನ ಮಧ್ಯಾಹ್ನ, ನೇಪಾಳದ ವಾರ್ಡ್ ಕಚೇರಿಯ ಮೊಹರು ಬಿದ್ದ ಪತ್ರವೂ ಮೊಬೈಲಿಗೆ ಬಂದ ಮೇಲೆ, ಎಲ್ಲವನ್ನೂ ಕಳಿಸಿದೆವು. ಕಳಿಸುವ ಮೊದಲು ಪ್ರತಿ ಪುಟವನ್ನು ಹುಡುಗಿ ಓದಿದಳು, ನಾನು ಓದಿದೆ, ಕಾಲು ಚಾಚಿ ಕೂತಿದ್ದ ಅಪ್ಪ ಕನ್ನಡಕ ಹಾಕಿಕೊಂಡು, ಅರ್ಥವಾಗದ ಇಂಗ್ಲಿಷನ್ನು ಬೆರಳಿಟ್ಟು ಓದಿದರು.

ಆಮೇಲೆ ಐದು ವಾರ ಏನೂ ಬರಲಿಲ್ಲ.

ಆ ಐದು ವಾರ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ, ಯಾರೂ ಅದನ್ನು ಒ‌ಪ್ಪಲಿಲ್ಲ. ಪಕ್ಕದ ಮಂಚದಲ್ಲಿ ಅವಳು ಮಗ್ಗುಲಾಗುವುದು ನನಗೆ ಕೇಳುತ್ತಿತ್ತು, ನಾನು ಮಗ್ಗುಲಾಗುವುದು ಅವಳಿಗೆ. ಬೆಳಿಗ್ಗೆ ಇಬ್ಬರೂ ‘ಚೆನ್ನಾಗಿ ನಿದ್ದೆ ಬಂತು’ ಎಂದು ಹೇಳಿಕೊಳ್ಳುತ್ತಿದ್ದೆವು. ವಿವರಣೆಯಲ್ಲಿ ಅಷ್ಟೊಂದು ನಿಜ ಹೇಳಿದ ಮೇಲೆ ಮನೆಯಲ್ಲಿ ಸ್ವಲ್ಪ ಸುಳ್ಳು ಉಳಿದಿತ್ತು. ನಾನು ಪರೀಕ್ಷೆಯ ಹಾಲಿನಲ್ಲಿ ಕುರ್ಚಿಯಲ್ಲೇ ತೂಕಡಿಸಿ, ಮಕ್ಕಳು ನನಗೆ ತೊಂದರೆಯಾಗದಂತೆ ಮೆಲ್ಲಗೆ ಕಾಪಿ ಹೊಡೆದದ್ದು ಆಮೇಲೆ ಗೊತ್ತಾಯಿತು. ಅವಳ ರೋಗಿಯೊಬ್ಬರು, “ಡಾಕ್ಟ್ರೇ, ಇವತ್ತು ನೀವು ಮಲಗಿ, ನಾನು ನಿಮ್ಮ ಕಾಲು ಎತ್ತುತ್ತೇನೆ,” ಎಂದರಂತೆ. ಮೊಬೈಲ್ ಟಿಣ್ ಎಂದರೆ ನಾನು ಈಗಲೂ ಮೊದಲು ನೋಡುವುದು ಗಂಟೆಯನ್ನೇ. ಆಮೇಲೆ ಅದರ ಕೆಳಗೆ ಏನಿದೆ ಎಂದು.

ಉತ್ತರ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಈ ಸಲ ನಾಲ್ಕೇ ಸಾಲು. ನಿಮ್ಮ ವಿವರಣೆಯನ್ನು ಪರಿಶೀಲಿಸಿದ್ದೇವೆ. ಅರ್ಜಿ ಒಪ್ಪಿಗೆಯಾಗಿದೆ. ಪಾಸ್‌ಪೋರ್ಟ್ ಕಳಿಸಿ. ಹಿಮದ ಬಗ್ಗೆ, ಕಣ್ಣಿನ ಬಗ್ಗೆ, ಬೀಗರ ಬಗ್ಗೆ ಒಂದಕ್ಷರ ಇಲ್ಲ. ನಾನು ಎರಡು ಸಲ ಓದಿದೆ. ಮೂರನೆಯ ಸಲ ಪಕ್ಕದಲ್ಲಿದ್ದ ಇತಿಹಾಸದ ಉಪನ್ಯಾಸಕರಿಗೆ ಕೊಟ್ಟು ಓದಿಸಿದೆ, ನನ್ನ ಇಂಗ್ಲಿಷಿನ ಮೇಲೆ ನನಗೆ ಮೊದಲಿನ ನಂಬಿಕೆ ಇರಲಿಲ್ಲ. ಆಮೇಲೆ ಅವಳಿಗೆ ಫೋನ್ ಮಾಡಿದೆ. ಅವಳು “ಅಕ್ಕ” ಎಂದಳು. ಮತ್ತೆ “ಅಕ್ಕ” ಎಂದಳು. ಹಿಂದೆ ಯಾರೋ, “ಎಂತ ಆಯ್ತು ಡಾಕ್ಟ್ರೇ, ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎನ್ನುತ್ತಿದ್ದರು.

ಅವತ್ತು ಅವಳು ಮನೆಗೆ ಬಂದು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು, ಮರುದಿನಕ್ಕೆ ರಜೆ ಹೇಳಿ, ಎಂಟೂವರೆಗೆಲ್ಲ ಮಲಗಿದಳು. ನಾನೂ ರಜೆ ಹೇಳಿ ಮಲಗಿದೆ. ಮಗ್ಗುಲಾದದ್ದು ಇಬ್ಬರಿಗೂ ಕೇಳಲಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ನಾನು ಹೊರಬಂದಾಗ ಮನೆಯಲ್ಲಿ ಒಂದೂ ಸದ್ದಿಲ್ಲ. ಅಮ್ಮ ಮಿಕ್ಸಿಯ ಪ್ಲಗ್ ತೆಗೆದು ಕೈಯಲ್ಲಿ ಹಿಡಿದಿದ್ದರು, ಚಟ್ನಿಯಿಲ್ಲದ ದೋಸೆಯನ್ನು ಅಪ್ಪ ಬೆಲ್ಲದಲ್ಲಿ ತಿನ್ನುತ್ತಿದ್ದರು. ಮೀನಿನ ಹೆಂಗಸು ಗೇಟಿನ ಹತ್ತಿರ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಓಡಿಹೋಗಿ ತುಟಿಯ ಮೇಲೆ ಬೆರಳಿಟ್ಟರು. ಆಕೆ ಕಣ್ಣರಳಿಸಿ, ಬುಟ್ಟಿ ಇಳಿಸಿ, “ಬಂಗುಡೆ ಉಂಟು,” ಎಂದು ಪಿಸುಗುಟ್ಟಿದಳು.

ಒಂಬತ್ತು ಗಂಟೆಗೆ ಕೆನಡಾದಿಂದ ತಮ್ಮನ ಫೋನ್ ಬಂತು. ಅಮ್ಮ ಎತ್ತಿದರು.

“ಅವಳಿಗೆ ಕೊಡಿ ಅಮ್ಮ.”

“ಆಗುದಿಲ್ಲ. ಮಲಗಿದ್ದಾಳೆ. ಆಮೇಲೆ ಮಾಡು,” ಎಂದು ಇಟ್ಟುಬಿಟ್ಟರು.

ಅವಳು ಎದ್ದಾಗ ಹತ್ತೂಕಾಲು.